ಹಸುವಿನ ಲೆಕ್ಕಕ್ಕೆ ಮೊದಲು ಮೇವಿನ ಲೆಕ್ಕ



ಹೈನುಗಾರಿಕೆಯ ಯೋಜನೆ ಎಂದರೆ ಸಾಮಾನ್ಯವಾಗಿ ಮೊದಲ ಪ್ರಶ್ನೆ ಒಂದೇ: ಎಷ್ಟು ಹಸು, ದಿನಕ್ಕೆ ಎಷ್ಟು ಲೀಟರ್? ಈ ಒಂದೇ ಚೌಕಟ್ಟನ್ನು ಚನ್ನಗಿರಿಗೂ ಜಗಳೂರಿಗೂ ಹಾಕುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಜಗಳೂರನ್ನೇ ನೋಡಿ. ಬೇಸಾಯ ಹೆಚ್ಚಾಗಿ ಮಳೆ ಮತ್ತು ಬೋರ್‌ವೆಲ್ ನಂಬಿಕೊಂಡದ್ದು. 400 ಕೆ.ಜಿ. ತೂಕದ ಮಿಶ್ರತಳಿ ಹಸುವಿಗೆ ದಿನಕ್ಕೆ ಸುಮಾರು 20 ಕೆ.ಜಿ. ಹಸಿಮೇವು, 5 ಕೆ.ಜಿ. ಒಣಮೇವು, ಜೊತೆಗೆ ಪಶು ಆಹಾರ ಬೇಕು. ಫೆಬ್ರವರಿಯಿಂದ ಮೇ ವರೆಗಿನ 120 ದಿನಕ್ಕೆ ಹಸಿಮೇವೇ 2,400 ಕೆ.ಜಿ. ಆಯಿತು. ಅದೂ ಒಂದೇ ಹಸುವಿಗೆ! ಇದನ್ನು ಲೆಕ್ಕ ಹಾಕದೆ ನಾಲ್ಕು ಹಸುವಿಗೆ ಸಾಲ ಮಾಡಿದರೆ, ಏಪ್ರಿಲ್‌ನಲ್ಲಿ ಬಂದ ಬೆಲೆಗೆ ಹಸು ಮಾರಬೇಕಾಗುತ್ತದೆ. ಕಂತು ಮಾತ್ರ ನಿಮ್ಮ ಹೆಸರಿನಲ್ಲೇ ಉಳಿಯುತ್ತದೆ. ಆದ್ದರಿಂದ ಅಲ್ಲಿ ಯೋಜನೆ ಬೇಸಿಗೆಯ ಮೇವಿನಿಂದ ಶುರುವಾಗಲಿ. ಮೆಕ್ಕೆಜೋಳದ ಕಾಳು ಹಾಲುಗಟ್ಟಿ ಹಿಟ್ಟಾಗುವ ಹಂತದಲ್ಲಿ ಕೊಯ್ದು, ಕತ್ತರಿಸಿ, ಗಾಳಿಯಾಡದಂತೆ ತುಳಿದು ಮುಚ್ಚಿದರೆ ಸುಮಾರು 45 ದಿನಕ್ಕೆ ರಸಮೇವು ಸಿದ್ಧ. ಎಷ್ಟು ರಸಮೇವು ಕೂಡಿಡಬಲ್ಲಿರೋ ಅಷ್ಟೇ ಹಸು. (ಮಳೆ ಕೈಕೊಟ್ಟು ಬಾಡಿದ ಎಳೆ ಜೋಳವನ್ನು ಮಾತ್ರ ಮೇಯಿಸಬೇಡಿ, ಅದರಲ್ಲಿ ವಿಷದ ಅಂಶವಿರುತ್ತದೆ.)

ಹೊನ್ನಾಳಿಯ ಭತ್ತದ ಊರುಗಳ ಕಥೆ ಬೇರೆ. ಅಲ್ಲಿ ಹುಲ್ಲಿಗೆ ಬರವಿಲ್ಲ, ಆದರೆ ಭತ್ತದ ಹುಲ್ಲಿನಲ್ಲಿ ಪ್ರೋಟೀನ್ ತೀರಾ ಕಡಿಮೆ. ಹೊಟ್ಟೆ ತುಂಬುತ್ತದೆ, ಹಸು ಬೆದೆಗೆ ಬರಲು ತಡಮಾಡುತ್ತದೆ. ಅಲ್ಲಿ ಬರೆದಿಡಬೇಕಾದ್ದು ದಿನದ ಲೀಟರ್‌ಗಿಂತ ಮುಖ್ಯವಾಗಿ ಕರು ಹಾಕಿದ ದಿನ, ಬೆದೆಯ ದಿನ, ಗಬ್ಬ ನಿಂತ ದಿನ. ಕರು ಹಾಕಿ ಮೂರು ತಿಂಗಳೊಳಗೆ ಗಬ್ಬ ನಿಲ್ಲದಿದ್ದರೆ ವರ್ಷಕ್ಕೊಂದು ಕರು ಎಂಬ ಲೆಕ್ಕವೇ ತಪ್ಪುತ್ತದೆ.

ಚನ್ನಗಿರಿಯ ಅಡಿಕೆ ಸೀಮೆಯಲ್ಲಿ ಕೊರತೆ ಜಾಗದ್ದು. ನೆರಳಿನಲ್ಲೂ ಬರುವ ಗಿನಿ ಹುಲ್ಲನ್ನು ತೋಟದ ಸಾಲಿನ ನಡುವೆ ಹಚ್ಚಬಹುದು. ನ್ಯಾಮತಿಯಲ್ಲಿ ತೆನೆ ಮುರಿದ ಮೇಲೆ ಮೆಕ್ಕೆಜೋಳದ ದಂಟು ಹೊಲದಲ್ಲೇ ಉಳಿದರೆ, ಸಂಘದ ಯೋಜನೆಯಲ್ಲಿ ಮೊದಲು ಬರಬೇಕಾದ್ದು ಮೇವು ಕತ್ತರಿಸುವ ಯಂತ್ರ, ಹೊಸ ಹಸು ಆಮೇಲೆ.

ಇನ್ನೊಂದು ಕಾಲಂ ಬಗ್ಗೆ ಹೇಳಲೇಬೇಕು. ಮೇವು ಹೊರುವುದಕ್ಕೆ, ನೀರು ತರುವುದಕ್ಕೆ, ಸಗಣಿ ಬಾಚುವುದಕ್ಕೆ ದಿನಕ್ಕೆ ಎಷ್ಟು ಗಂಟೆ, ಅದು ಯಾರ ಗಂಟೆ? ಯಾವ ಫಾರಂನಲ್ಲೂ ನಾನದನ್ನು ಕಂಡಿಲ್ಲ. ಮುಂಗಾರು ಬಿತ್ತನೆಗೆ ಮೊದಲು ನಡೆಯುವ ಸಂಘದ ಸಭೆಯಲ್ಲಿ ಆ ಕಾಲಂ ಅನ್ನು ನೀವೇ ಬರೆಸಿ, ಹಸುವಿನ ಸಂಖ್ಯೆಯನ್ನು ಕೊನೆಗೆ ತುಂಬಿ.