ತೋಟದ ಜೀಪಿಗೆ ತಾನಾಗಿ ಬೀಳುವ ಲಾಕು

ಮಳೆಗಾಲದಲ್ಲಿ ಜಂಬಿಟ್ಟಿಗೆ ಮಣ್ಣಿನ ಏರಿನಲ್ಲಿ ಜೀಪು ಹೂತು, ಗೊಬ್ಬರದ ಚೀಲಗಳನ್ನು ಆಳುಗಳ ತಲೆಯ ಮೇಲೆ ಹೊರಿಸಿದ ಮಲೆನಾಡಿನ ಜಮೀನುದಾರರಿಗೆ, ಹಿಂದಿನ ಅಚ್ಚಿನಲ್ಲಿ ಡಿಫರೆನ್ಷಿಯಲ್ ಲಾಕು ಹಾಕಿಸಬೇಕೆಂಬ ಆಶೆಯುಂಟಾಗುವುದು ಸಹಜವೇ. ಆದರೆ ಯಾವ ಬಗೆಯದು, ಯಾವ ಅಚ್ಚಿಗೆ ಎಂಬುದನ್ನು ವಿಚಾರಿಸದೆ ಹಣ ಸುರಿಯುವುದು ಉಚಿತವಲ್ಲ.

ಸಾಧಾರಣ ಡಿಫರೆನ್ಷಿಯಲು ಎರಡು ಗಾಲಿಗಳಿಗೂ ಸಮನಾದ ಬಲವನ್ನೇ ಕೊಡತಕ್ಕದ್ದು. ಆದ್ದರಿಂದ ಕೆಸರಿನಲ್ಲಿರುವ ಗಾಲಿಯು ಎಷ್ಟು ಅಲ್ಪ ಬಲವನ್ನು ತಾಳಬಲ್ಲುದೋ, ಗಟ್ಟಿ ನೆಲದ ಗಾಲಿಗೂ ಅಷ್ಟೇ ದೊರೆಯುವುದು. ಒಂದು ಸುಮ್ಮನೆ ಗಿರ್ರನೆ ತಿರುಗುವುದು, ಇನ್ನೊಂದು ನಿಂತಿರುವುದು. ಟ್ರಾಕ್ಟರಿನಲ್ಲಿ ಇದಕ್ಕಾಗಿ ಕಾಲಿನಿಂದ ಒತ್ತುವ ಲಾಕು ಇರುವುದನ್ನು ರೈತರೆಲ್ಲರೂ ಬಲ್ಲರು.

ಚಾಲಕನು ಮುಟ್ಟದೆಯೇ ಬೀಳುವ ಲಾಕುಗಳಲ್ಲಿ ಎರಡು ಬಗೆಯವು ಮುಖ್ಯ. ಡೆಟ್ರಾಯಿಟ್ ಲಾಕರ್ ಎಂಬ ಹಲ್ಲಿನ ಬಗೆಯು ಎಂಜಿನ್ನಿನ ಬಲ ಬಿದ್ದಾಗ ಎರಡು ಗಾಲಿಗಳನ್ನೂ ಬಿಗಿದಿಟ್ಟು, ತಿರುವಿನಲ್ಲಿ ಹೊರಗಿನ ಗಾಲಿಯನ್ನು ಮಾತ್ರ ಕಟಕಟ ಸದ್ದಿನೊಡನೆ ಬಿಟ್ಟುಕೊಡುವುದು. ಇದಕ್ಕೆ ಗಾಳಿಯ ಕೊಳವೆಯಾಗಲಿ ತಂತಿಯಾಗಲಿ ಬೇಡ, ಬಲವೂ ಹೆಚ್ಚು. ಆದರೆ ಮೋಟು ಜೀಪಿನಲ್ಲಿ, ಒದ್ದೆಯಾದ ಡಾಂಬರಿನ ತಿರುವಿನಲ್ಲಿ ಆಕ್ಸಿಲರೇಟರ್ ಬಿಟ್ಟೊಡನೆ ಗಾಡಿ ಪಕ್ಕಕ್ಕೆ ಜಗ್ಗುವುದುಂಟು. ಈಟನ್ ಕಂಪೆನಿಯ ಇನ್ನೊಂದು ಬಗೆಯು ಅಮೆರಿಕದ ಜನರಲ್ ಮೋಟಾರ್ಸ್ ಗಾಡಿಗಳಲ್ಲಿ 1973ರಿಂದ ಬಂದುದು; ನಮ್ಮಲ್ಲಿ 2020ರ ಮಹೀಂದ್ರ ಥಾರಿನ ಕೆಲವು ಮಾದರಿಗಳಲ್ಲಿಯೂ ದೊರೆಯಿತು. ಎರಡು ಗಾಲಿಗಳ ವೇಗದಲ್ಲಿ ನಿಮಿಷಕ್ಕೆ ಸುಮಾರು 100 ಸುತ್ತುಗಳ ಅಂತರ ಬಿದ್ದಾಗ ಮಾತ್ರ ಇದು ಕಚ್ಚುವುದು. ಗಂಟೆಗೆ ಸುಮಾರು 32 ಕಿಲೋಮೀಟರು ಮೀರಿದರೆ ಕಚ್ಚದು. ಸಂತೆಗೂ ಆಸ್ಪತ್ರೆಗೂ ಅದೇ ಗಾಡಿಯಲ್ಲಿ ಹೋಗುವ ಕುಟುಂಬಕ್ಕೆ ಇದೇ ಮೇಲು. ತೋಟ ಬಿಟ್ಟು ಹೊರಡದ ಹಳೆಯ ಜೀಪಿಗೆ ಮೊದಲನೆಯದನ್ನು ಹಾಕಿಸಬಹುದು.

ಹಳೆಯ ಡಿಫರೆನ್ಷಿಯಲಿನ ಹೊಟ್ಟೆಯೊಳಗೆ ಸಣ್ಣ ಹಲ್ಲುಗಾಲಿಗಳ ಬದಲಿಗೆ ಕೂರಿಸುವ ಅಗ್ಗದ ಲಾಕೂ ಉಂಟು. ಕ್ರೌನು ಪಿನಿಯನುಗಳನ್ನು ಮತ್ತೆ ಹೊಂದಿಸುವ ಗೋಜು ಇದರಲ್ಲಿಲ್ಲ. ಆದರೆ ಹೊರಗಿನ ಕವಚ ಹಳೆಯದೇ ಆದ್ದರಿಂದ ಅದರ ಬಲವೂ ಹಳೆಯದೇ. ಹೊರೆ ಹೊತ್ತು ಏರು ಹತ್ತುವ ಗಾಡಿಗೆ ಇದನ್ನು ನೆಚ್ಚುವಂತಿಲ್ಲ.

ಮುಂದಿನ ಅಚ್ಚಿಗೆ ಹಾಕಿಸುವ ಹುಚ್ಚು ತೋಟಗಾರರಿಗೆ ಬೇಡ. ನಾಲ್ಕು ಗಾಲಿಯ ಬಲ ಹಾಕಿದಾಗ ಸ್ಟಿಯರಿಂಗು ಬಿಗಿದು, ಧರೆಯಂಚಿನ ದಾರಿಯಲ್ಲಿ ಗಾಡಿ ತಿರುಗಿದಲ್ಲಿ ತಿರುಗದು. ಹಿಂದಿನ ಅಚ್ಚಿನ ಲಾಕಿನಲ್ಲಿಯೂ ಒಂದು ಅಪಾಯವುಂಟು. ಮಾರುವವರು ಇದನ್ನು ಹೇಳುವುದು ಅಪರೂಪ. ಲಾಕಿಲ್ಲದ ಗಾಡಿಯಲ್ಲಿ ಒಂದು ಗಾಲಿ ಜಾರಿದರೂ ಇನ್ನೊಂದು ನೆಲವನ್ನು ಹಿಡಿದು ಗಾಡಿಯ ಹಿಂಭಾಗವನ್ನು ನಿಲ್ಲಿಸುವುದು. ಲಾಕು ಬಿದ್ದಾಗ ಎರಡೂ ಒಟ್ಟಿಗೆ ಜಾರಿದರೆ, ಪಕ್ಕಕ್ಕೆ ಓರೆಯಾದ ಕೆಸರುದಾರಿಯಲ್ಲಿ ಹಿಂಭಾಗವು ಇಳಿಜಾರಿಗೇ ಸರಿಯುವುದು. ಹಿಂದೆ ಕೂಲಿಯಾಳುಗಳು ಕುಳಿತಿರುವಾಗ ಇದರ ಫಲವೇನೆಂಬುದನ್ನು ವಿವರಿಸಬೇಕಾಗಿಲ್ಲ. ಅಂಥ ದಾರಿಯಲ್ಲಿ ಜನರನ್ನು ಇಳಿಸಿ, ಆಕ್ಸಿಲರೇಟರನ್ನು ಮೆಲ್ಲಗೆ ಒತ್ತಿ ಸಾಗತಕ್ಕದ್ದು. ಸವೆದ ಟೈರುಗಳ ಗಾಡಿಗಾದರೆ ಲಾಕಿಗಿಂತ ಮೊದಲು ಹೊಸ ಟೈರುಗಳೇ ಬೇಕು. ಹಿಂದಿನವೆರಡೂ ಒಂದೇ ಅಳತೆಯವಾಗಿರತಕ್ಕದ್ದು.

ಕೊಳ್ಳುವ ಮುನ್ನ ಅರೆಯಚ್ಚಿನ ಹಲ್ಲುಗಳನ್ನು ಬಿಚ್ಚಿ ಎಣಿಸಿ, ಆ ಮಾದರಿಗೆ ಹೊಂದುವುದೇ ಎಂದು ನೋಡಬೇಕು. ಹೊಸ ಗಾಡಿಯಾದರೆ ವಾರಂಟಿ ಉಳಿಯುವುದೇ ಎಂಬುದನ್ನು ತಯಾರಕರಿಂದ ಬರವಣಿಗೆಯಲ್ಲಿ ಪಡೆಯಬೇಕು. ಹಾಕಿಸಿದ ಮೇಲೆ ಒಂದು ಹಿಂಗಾಲಿಯನ್ನು ಮಾತ್ರ ಜಾಕಿಯಿಂದ ಎತ್ತಿ, ಗೇರಿನಲ್ಲಿಟ್ಟು ಎಂಜಿನ್ನು ನಡೆಸಕೂಡದು. ನೆಲದಲ್ಲಿರುವ ಗಾಲಿಯೂ ತಿರುಗಿ ಗಾಡಿಯು ಜಾಕಿಯಿಂದ ಧುಮುಕುವುದು.