ತೆರೆಯ ಆಚೆಯ ವೈದ್ಯರು, ಈಚೆಯ ಕೈಗಳು



ಘಟ್ಟದ ರಸ್ತೆಯ ಅಗಲೀಕರಣವನ್ನೋ ಕಾಡಿನ ನಡುವೆ ಹಾಯುವ ಹೊಸ ಮಾರ್ಗವನ್ನೋ ಪ್ರಶ್ನಿಸಿ ನಾವು ಸಭೆ ಸೇರಿದಾಗಲೆಲ್ಲ, ಹಿಂದಿನ ಸಾಲಿನಿಂದ ಒಂದು ಮಾತು ಏಳುತ್ತದೆ: ‘ಕಾಡು ಉಳಿಯಲಿ ಮಾರಾಯರೇ, ಬೇಡವೆಂದವರಾರು? ಆದರೆ ಜಡಿಮಳೆಯ ನಡುರಾತ್ರಿ ಜ್ವರ ಏರಿದ ಮಗುವನ್ನು ಎಲ್ಲಿಗೆ ಹೊತ್ತೊಯ್ಯಬೇಕು?’ ಇದನ್ನು ಕುತರ್ಕವೆಂದು ತಳ್ಳಿಹಾಕುವುದು ಸುಲಭ. ಆದರೆ ಹೀಗೆ ಕೇಳುವವರು ಗುತ್ತಿಗೆದಾರರಲ್ಲ, ನಮ್ಮ ನೆರೆಹೊರೆಯವರು. ಅವರ ಪ್ರಶ್ನೆಗೆ ಉತ್ತರ ಹುಡುಕದ ಪರಿಸರ ಚಳವಳಿಗೆ ಮಲೆನಾಡಿನಲ್ಲಿ ಬೇರು ಇಳಿಯಲಾರದು.

ಈಚಿನ ವರ್ಷಗಳಲ್ಲಿ ನಮ್ಮವರೇ ಕೆಲವರು ಇದಕ್ಕೊಂದು ಸಿದ್ಧ ಉತ್ತರವನ್ನು ಕಂಡುಕೊಂಡಿದ್ದಾರೆ: ‘ರೋಗಿ ಪಟ್ಟಣಕ್ಕೆ ಹೋಗಬೇಕಿಲ್ಲ, ವೈದ್ಯರೇ ತೆರೆಯ ಮೇಲೆ ಬರುತ್ತಾರೆ.’ ಟೆಲಿಮೆಡಿಸಿನ್ ಅಥವಾ ದೂರವೈದ್ಯ ಎಂದು ಕರೆಯಲಾಗುವ ಈ ವ್ಯವಸ್ಥೆ ನಮ್ಮ ರಾಜ್ಯಕ್ಕೆ ಹೊಸದಲ್ಲ. 2002ರಲ್ಲಿಯೇ ಇಸ್ರೋ ಉಪಗ್ರಹದ ನೆರವಿನಿಂದ ಚಾಮರಾಜನಗರದ ಜಿಲ್ಲಾ ಆಸ್ಪತ್ರೆ ಮತ್ತು ಕಾಡಂಚಿನ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಗಳು ಬೆಂಗಳೂರಿನ ಹೃದ್ರೋಗ ತಜ್ಞರೊಂದಿಗೆ ಸಂಪರ್ಕ ಪಡೆದಿದ್ದವು. 2019ರಲ್ಲಿ ಕೇಂದ್ರ ಸರ್ಕಾರದ ‘ಇ-ಸಂಜೀವಿನಿ’ ಆರಂಭವಾಯಿತು. 2020ರ ಮಾರ್ಚ್ 25ರಂದು, ಕೊರೋನಾ ದಿಗ್ಬಂಧನದ ಮೊದಲ ದಿನವೇ, ದೂರವೈದ್ಯದ ರಾಷ್ಟ್ರೀಯ ಮಾರ್ಗಸೂಚಿ ಹೊರಬಿದ್ದಿತು. ಇಂದು ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ ತನ್ನ ಮೇಜಿನಿಂದಲೇ ದೂರದ ವೈದ್ಯರನ್ನು ಸಂಪರ್ಕಿಸಲು ಸಾಧ್ಯವಿದೆ.

ಯಂತ್ರ ಬಂದಿದೆ, ನಿಜ. ಆದರೆ ಯಂತ್ರದ ಎರಡು ಬದಿಯಲ್ಲಿ ಕುಳಿತವರಿಗೆ ಆ ಕೆಲಸವನ್ನು ಕಲಿಸಿದವರಾರು? ಈ ಸಂಚಿಕೆಯಲ್ಲಿ ನಾವು ಓದುಗರ ಮುಂದಿಡಬಯಸುವ ಪ್ರಶ್ನೆ ಇದೊಂದೇ.

ವೈದ್ಯವಿದ್ಯೆಯು ಮೂಲತಃ ಸ್ಪರ್ಶದ ವಿದ್ಯೆ. ನಾಡಿ ಹಿಡಿಯುವುದು, ಹೊಟ್ಟೆ ಒತ್ತಿ ನೋಡುವುದು, ಎದೆಗೆ ಕಿವಿಗೊಡುವುದು, ರೋಗಿ ಬಾಗಿಲಿನಿಂದ ಕುರ್ಚಿಯವರೆಗೆ ನಡೆದು ಬರುವ ರೀತಿಯನ್ನು ಗಮನಿಸುವುದು ಇವೆಲ್ಲ ತೆರೆಯ ಮೇಲೆ ಇಲ್ಲವಾಗುತ್ತವೆ. ಉಳಿಯುವುದು ಮಾತು, ಮಸುಕಾದ ಚಿತ್ರ, ಮತ್ತು ರೋಗಿಯ ಪಕ್ಕದಲ್ಲಿರುವ ಇನ್ನೊಬ್ಬರ ಕೈ. ಆದುದರಿಂದ ದೂರವೈದ್ಯದಲ್ಲಿ ಕೇಳುವ ಪ್ರಶ್ನೆಯೇ ಅರ್ಧ ಪರೀಕ್ಷೆ, ಆ ಇನ್ನೊಬ್ಬರ ಕೈಯೇ ಉಳಿದರ್ಧ. ಎರಡಕ್ಕೂ ತರಬೇತಿ ಬೇಕು.

ನಮ್ಮ ಸೀಮೆಯ ಉದಾಹರಣೆಯನ್ನೇ ನೋಡೋಣ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಮಂಗನ ಕಾಯಿಲೆ ಇಂದಿಗೂ ನಮ್ಮನ್ನು ಬಿಟ್ಟಿಲ್ಲ. 2019ರ ಆರಂಭದಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಕಂಡ ಸಾವುಗಳನ್ನು ಮರೆಯುವುದುಂಟೇ? ಚಳಿಗಾಲದಿಂದ ಬೇಸಿಗೆಯ ಕೊನೆಯವರೆಗೆ, ದರಕು ಗುಡಿಸಲು, ಸೌದೆ ತರಲು, ದನ ಅಟ್ಟಲು ಕಾಡಿಗೆ ಹೋದವರಿಗೆ ಉಣುಗಿನ ಮೂಲಕ ತಗಲುವ ರೋಗವಿದು. ಥಟ್ಟನೆ ಏರುವ ಜ್ವರ, ಹಣೆ ಸಿಡಿಯುವ ನೋವು, ಮೈಕೈ ಮುರಿದಂತಹ ಬಾಧೆ, ವಾಂತಿ: ಇಷ್ಟನ್ನೇ ಕೇಳಿಸಿಕೊಂಡ ದೂರದ ನಗರದ ವೈದ್ಯರಿಗೆ ಇದು ಯಾವ ಜ್ವರವಾದರೂ ಆಗಿರಬಹುದು. ‘ಈ ವಾರ ಕಾಡಿಗೆ ಹೋಗಿದ್ದಿರಾ? ಉಣುಗು ಕಚ್ಚಿತ್ತೇ? ಊರ ಸುತ್ತಮುತ್ತ ಮಂಗ ಸತ್ತು ಬಿದ್ದದ್ದನ್ನು ಯಾರಾದರೂ ಕಂಡಿದ್ದಾರೆಯೇ?’ ಈ ಮೂರು ಪ್ರಶ್ನೆಗಳನ್ನು ಕೇಳಲು ಕಲಿತವರು ಮಾತ್ರ ರಕ್ತದ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಲು ಹೇಳಿಯಾರು. ಕೇಳದವರು ಮೈಕೈ ನೋವಿಗೆಂದು ಆಸ್ಪಿರಿನ್‌ನಂತಹ ಮಾತ್ರೆ ಬರೆದರೆ, ರಕ್ತಸ್ರಾವದ ಭಯವಿರುವ ಈ ಜ್ವರದಲ್ಲಿ ಅದೇ ಅಪಾಯವಾದೀತು.

ಇನ್ನೂ ಒಂದು ಸೂಕ್ಷ್ಮವಿದೆ. ಮಂಗನ ಕಾಯಿಲೆಯು ಕೆಲವರಲ್ಲಿ ಒಮ್ಮೆ ಇಳಿದಂತೆ ತೋರಿ, ಒಂದೆರಡು ವಾರಗಳ ನಂತರ ಮರಳಿ ಬರುತ್ತದೆ. ಆಗ ತಲೆನೋವಿನೊಂದಿಗೆ ಕತ್ತು ಬಿಗಿತ, ನಡುಕ, ಮಂಪರು ಕಾಣಿಸಿಕೊಳ್ಳಬಹುದು. ಜ್ವರ ಬಿಟ್ಟಿತೆಂದು ರೋಗಿ ತೋಟದ ಕೆಲಸಕ್ಕೆ ಇಳಿದಿರುತ್ತಾನೆ. ದೂರವಾಣಿಯ ನಿಜವಾದ ಉಪಯೋಗ ಇಲ್ಲಿದೆ. ಎರಡು ದಿನಕ್ಕೊಮ್ಮೆ ಕರೆ ಮಾಡಿ ವಿಚಾರಿಸುವ ಕೆಲಸಕ್ಕೆ ದೊಡ್ಡ ಯಂತ್ರ ಬೇಕಿಲ್ಲ. ಯಾರಿಗೆ, ಯಾವಾಗ, ಏನನ್ನು ಕೇಳಬೇಕೆಂಬ ಅರಿವು ಬೇಕು, ಅಷ್ಟೆ.

ಹಾವು ಕಡಿತದ ವಿಷಯವೂ ಹೀಗೆಯೇ. 2024ರಲ್ಲಿ ನಮ್ಮ ರಾಜ್ಯ ಇದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನು ಕಳೆದುಕೊಂಡಿದೆಯೇ ಎಂದು ತಿಳಿಯಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೇ ಮಾಡಬಹುದಾದ ಸರಳ ಪರೀಕ್ಷೆಯೊಂದಿದೆ. ಶುಭ್ರವಾದ, ಒಣಗಿದ ಗಾಜಿನ ಕೊಳವೆಯಲ್ಲಿ ತುಸು ರಕ್ತ ತೆಗೆದು, ಅಲುಗಿಸದೆ 20 ನಿಮಿಷ ಇಟ್ಟು, ಬಳಿಕ ಓರೆ ಮಾಡಿ ನೋಡುವುದು. ಆದರೆ ಕೊಳವೆ ಪ್ಲಾಸ್ಟಿಕ್ಕಿನದಾದರೆ, ಸೋಪಿನ ಪುಡಿಯಲ್ಲಿ ತೊಳೆದದ್ದಾದರೆ, ನಡುವೆ ಅಲುಗಿಸಿದರೆ ಫಲಿತಾಂಶ ಸುಳ್ಳಾಗುತ್ತದೆ. ಜಿಲ್ಲಾ ಆಸ್ಪತ್ರೆಯ ತಜ್ಞರು ತೆರೆಯ ಮೇಲೆ ಎಷ್ಟೇ ಚೆನ್ನಾಗಿ ಸಲಹೆ ನೀಡಲಿ, ಆ ಸಲಹೆ ನಿಂತಿರುವುದು ಇಲ್ಲಿನ ದಾದಿಯ ಕೈಯಲ್ಲಿರುವ ಗಾಜಿನ ಕೊಳವೆಯ ಮೇಲೆ. ತಜ್ಞರೂ ಕಲಿಯಬೇಕಾದದ್ದುಂಟು. ನಮ್ಮಲ್ಲಿ ದೊರೆಯುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕು ಹಾವುಗಳ ವಿಷಕ್ಕಾಗಿ ಸಿದ್ಧವಾದುದು. ಸಹ್ಯಾದ್ರಿಯ ತೋಟ, ತರಗೆಲೆಗಳ ನಡುವೆ ಇರುವ ಗುಳಿಮಂಡಲಗಳು ಆ ಪಟ್ಟಿಯಲ್ಲಿಲ್ಲ. ಇಲ್ಲಿನ ಹಾವುಗಳನ್ನು ಅರಿಯದವರು ಇಲ್ಲಿನ ಕಡಿತಕ್ಕೆ ಸಲಹೆ ಕೊಡುವುದು ಹೇಗೆ?

2020ರ ಮಾರ್ಗಸೂಚಿ ಈ ದಿಕ್ಕಿನಲ್ಲಿ ಕೆಲವು ಒಳ್ಳೆಯ ನಿಯಮಗಳನ್ನು ಹಾಕಿಕೊಟ್ಟಿದೆ. ವೈದ್ಯರು ತಮ್ಮ ಹೆಸರು, ನೋಂದಣಿಯನ್ನು ತಿಳಿಸಬೇಕು. ರೋಗಿ ತಾನಾಗಿ ಕರೆ ಮಾಡಿದ್ದರೆ ಒಪ್ಪಿಗೆಯಿದೆ ಎಂದೇ ಅರ್ಥ. ಆರೋಗ್ಯ ಕಾರ್ಯಕರ್ತರು ಸಂಪರ್ಕ ಕಲ್ಪಿಸಿದ್ದರೆ ಸ್ಪಷ್ಟವಾಗಿ ಒಪ್ಪಿಗೆ ಕೇಳಬೇಕು. ಮಾದಕ ಗುಣವುಳ್ಳ ಕೆಲವು ಔಷಧಗಳನ್ನು ದೂರದಿಂದ ಬರೆಯುವಂತಿಲ್ಲ. ತುರ್ತು ಸ್ಥಿತಿಯಲ್ಲಿ ಪ್ರಥಮೋಪಚಾರ ತಿಳಿಸಿ, ಬೇಗನೆ ಆಸ್ಪತ್ರೆಗೆ ತಲುಪಿಸಲು ನೆರವಾಗಬೇಕು. ದೂರವೈದ್ಯ ನಡೆಸಬಯಸುವ ವೈದ್ಯರೆಲ್ಲ ಮೂರು ವರ್ಷದೊಳಗೆ ಕಡ್ಡಾಯ ತರಬೇತಿಯೊಂದನ್ನು ಪೂರೈಸಬೇಕೆಂದೂ ಅದರಲ್ಲಿ ಬರೆದಿತ್ತು. ಆ ಗಡುವು 2023ರಲ್ಲೇ ಕಳೆದಿದೆ. ತೆರೆಯ ಮೇಲೆ ಕಾಣುವ ವೈದ್ಯರನ್ನು ‘ತಾವು ಇದಕ್ಕೆ ತರಬೇತಿ ಪಡೆದಿರುವಿರಾ?’ ಎಂದು ವಿನಯದಿಂದ ಕೇಳುವುದು ಉದ್ಧಟತನವಲ್ಲ, ಅದು ರೋಗಿಯ ಹಕ್ಕು.

ತರಬೇತಿ ಎಂದರೆ ಗುಂಡಿ ಒತ್ತುವುದನ್ನು ಕಲಿಸುವ ಒಂದು ದಿನದ ಶಿಬಿರ ಎಂಬ ಭಾವನೆ ನಮ್ಮ ಇಲಾಖೆಗಳಲ್ಲಿ ಬಲವಾಗಿದೆ. ಇದು ಸಾಲದು. ತನ್ನ ಒಳಬಾಧೆಯನ್ನು ಹೇಳಿಕೊಳ್ಳಲು ಬಂದ ಹೆಂಗಸು, ಸಾಲಿನಲ್ಲಿ ಕಾದಿರುವ ಊರವರೆಲ್ಲರ ಕಿವಿಗೆ ಬೀಳುವಂತೆ ದೂರವಾಣಿಯಲ್ಲಿ ಕೂಗಿ ಹೇಳಬೇಕಾದರೆ ಆಕೆ ಹೇಳುವುದು ‘ಏನಿಲ್ಲ, ತಲೆನೋವು’ ಎಂದಷ್ಟೇ. ಬಾಗಿಲು ಮುಚ್ಚುವುದು, ಧ್ವನಿ ತಗ್ಗಿಸುವುದು, ಮೌನವಾಗಿ ಕಾಯುವುದು, ಹೇಳಿದ ಔಷಧದ ಕ್ರಮವನ್ನು ರೋಗಿಯ ಬಾಯಿಂದಲೇ ಮತ್ತೊಮ್ಮೆ ಹೇಳಿಸುವುದು ಇವೂ ಪಾಠಗಳೇ. ಎಲ್ಲಕ್ಕಿಂತ ಕಠಿಣವಾದ ಪಾಠ, ‘ಇದು ತೆರೆಯ ಮೇಲೆ ನೋಡಿ ತೀರ್ಮಾನಿಸುವಂಥದ್ದಲ್ಲ, ಕರೆತನ್ನಿ’ ಎಂದು ಸಕಾಲದಲ್ಲಿ ಹೇಳುವುದು.

ದೂರವೈದ್ಯದ ತಂತಿಯನ್ನೇ ಪಾಠಶಾಲೆಯಾಗಿಸಿದ ನಿದರ್ಶನವೂ ಇದೆ. ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದಲ್ಲಿ ಯಕೃತ್ತಿನ ತಜ್ಞ ಡಾ. ಸಂಜೀವ್ ಅರೋರಾ 2003ರಲ್ಲಿ ‘ಎಕೋ’ ಎಂಬ ಕ್ರಮವನ್ನು ಆರಂಭಿಸಿದರು. ದೂರದೂರದ ಹಳ್ಳಿಗಳ ವೈದ್ಯರು ನಿಯತವಾಗಿ ತೆರೆಯ ಮೇಲೆ ಸೇರಿ, ತಮ್ಮ ರೋಗಿಗಳ ಸಮಸ್ಯೆಗಳನ್ನು ತಜ್ಞರ ಮುಂದಿಟ್ಟು ಚರ್ಚಿಸುತ್ತ ತಾವೇ ಚಿಕಿತ್ಸೆ ನೀಡಲು ಕಲಿತರು. ಹೆಪಟೈಟಿಸ್-ಸಿ ರೋಗದಲ್ಲಿ ಅವರ ಚಿಕಿತ್ಸೆಯ ಫಲ ವಿಶ್ವವಿದ್ಯಾಲಯದ ಆಸ್ಪತ್ರೆಗೆ ಸರಿಸಮವಾಗಿತ್ತೆಂದು 2011ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಇದೇ ಮಾದರಿಯನ್ನು ಬೆಂಗಳೂರಿನ ನಿಮ್ಹಾನ್ಸ್ ಮನೋರೋಗ ಮತ್ತು ವ್ಯಸನದ ಚಿಕಿತ್ಸೆಯ ಕಲಿಕೆಗೆ ಬಳಸಿದೆ. ಇಲ್ಲಿ ರೋಗಿಯಾಗಲಿ ವೈದ್ಯರಾಗಲಿ ಪ್ರಯಾಣ ಮಾಡುವುದಿಲ್ಲ, ತಿಳಿವಳಿಕೆ ಪ್ರಯಾಣ ಮಾಡುತ್ತದೆ. ಮಂಗನ ಕಾಯಿಲೆಗೂ ಹಾವು ಕಡಿತಕ್ಕೂ ಮಲೆನಾಡಿನ ಜಿಲ್ಲೆಗಳು ಇಂತಹದೊಂದು ವಾರದ ಪಾಠವನ್ನು ಏಕೆ ನಡೆಸಬಾರದು? ಅಲ್ಲಿ ತಿಳಿವಳಿಕೆ ಮೇಲಿನಿಂದ ಕೆಳಗಷ್ಟೇ ಹರಿಯದಿರಲಿ. ಯಾವ ಕಾನಿನಲ್ಲಿ ಮಂಗ ಸತ್ತಿತು, ಯಾವ ಕೇರಿಯವರು ಈ ವಾರ ದರಕಿಗೆ ಹೋಗಿದ್ದಾರೆ ಎಂಬುದು ಆಶಾ ಕಾರ್ಯಕರ್ತೆಗೆ ಗೊತ್ತು, ತಜ್ಞರಿಗೆ ಗೊತ್ತಿಲ್ಲ.

ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ತೆರೆಯೊಂದನ್ನು ತೂಗುಹಾಕಿ ವೈದ್ಯರ ಹುದ್ದೆಯನ್ನು ಖಾಲಿ ಬಿಡುವುದಾದರೆ ಅದು ಸೇವೆಯಲ್ಲ, ವಂಚನೆ. ಆಷಾಢದ ಗಾಳಿಗೆ ಮರ ಬಿದ್ದು ಮೂರು ದಿನ ವಿದ್ಯುತ್ ಇಲ್ಲದ ಊರಿನಲ್ಲಿ ತೆರೆಯೂ ಕತ್ತಲೆಯೇ. ಬ್ಯಾಟರಿ, ಸಂಪರ್ಕ, ಆಂಬುಲೆನ್ಸ್ ಮತ್ತು ತಲುಪಬಹುದಾದ ದೂರದಲ್ಲಿ ಪ್ರತಿವಿಷ ಇವಿಲ್ಲದೆ ಎಂತಹ ತರಬೇತಿಯೂ ವ್ಯರ್ಥ.

ಹಾಗಾದರೆ ಹಿಂದಿನ ಸಾಲಿನ ಆ ಪ್ರಶ್ನೆಗೆ ನಮ್ಮ ಉತ್ತರವೇನು? ದೂರವೈದ್ಯವು ರಸ್ತೆಗೆ ಬದಲಿಯೆಂದು ನಾವು ಹೇಳುವುದಿಲ್ಲ. ಹೊಳೆ ದಾಟಲು ಕಾಲುಸಂಕ, ಮಳೆಗಾಲದಲ್ಲೂ ಆಂಬುಲೆನ್ಸ್ ಬರುವಷ್ಟು ಗಟ್ಟಿಯಾದ ಊರದಾರಿ ಪ್ರತಿ ಹಳ್ಳಿಗೂ ಬೇಕು. ಅದಕ್ಕೂ ಕಾಡನ್ನು ಸೀಳುವ ಹೆದ್ದಾರಿಗೂ ವ್ಯತ್ಯಾಸವಿದೆ. ಆದರೆ ಆ ದಾರಿಯಲ್ಲಿ ಯಾರನ್ನು ಈ ರಾತ್ರಿಯೇ ಕರೆದೊಯ್ಯಬೇಕು, ಯಾರು ಬೆಳಗಿನ ತನಕ ಮನೆಯಲ್ಲಿರಬಹುದು ಎಂದು ತಿಳಿದು ಹೇಳಬಲ್ಲವರು ಊರಿನ ಸಮೀಪದಲ್ಲೇ ಇರಬೇಕು. ಅವರನ್ನು ತಯಾರು ಮಾಡಿರೆಂದು ಕೇಳುವುದು ಕಾಡು ಉಳಿಸಿರೆಂದು ಕೇಳಿದಷ್ಟೇ ನಮ್ಮ ಕೆಲಸ.

ಮುಂದಿನ ಗ್ರಾಮಸಭೆಯಲ್ಲಿ ಮೂರು ಪ್ರಶ್ನೆಗಳನ್ನು ಎತ್ತಿರಿ. ನಮ್ಮ ಉಪಕೇಂದ್ರದ ಸಿಬ್ಬಂದಿಗೆ ದೂರವೈದ್ಯದ ತರಬೇತಿ ಯಾವಾಗ ಆಯಿತು? ಆ ತರಬೇತಿಯಲ್ಲಿ ಮಂಗನ ಕಾಯಿಲೆ, ಹಾವು ಕಡಿತಗಳ ಪಾಠವಿತ್ತೇ? ರೋಗಿ ಬಾಗಿಲು ಮುಚ್ಚಿ ಮಾತನಾಡಲು ಅಲ್ಲೊಂದು ಕೋಣೆ ಇದೆಯೇ? ದೊರೆತ ಉತ್ತರವನ್ನು ನಮಗೂ ಬರೆದು ತಿಳಿಸಿ. ಅವನ್ನು ಒಟ್ಟುಗೂಡಿಸಿ ಜಿಲ್ಲಾ ಆರೋಗ್ಯಾಧಿಕಾರಿಗಳ ಮುಂದಿಡುವ ಹೊಣೆ ಬಳಗದ್ದು.