ನಮ್ಮ ಹುಡುಗರು ಗೈಡ್ ಸಾಹೇಬರ ಗುಮಾಸ್ತರೇನು?

ನಗರದ ಕನ್ನಡ ಯುವಕ ಯುವತಿಯರೇ, ಎಂಜಿನಿಯರಿಂಗ್ ಪಿಎಚ್‌ಡಿ ವಿಷಯ ನಮಗೇಕೆ ಎಂದು ಪುಟ ತಿರುವಬೇಡಿ. ನಾಳೆ ನಿಮ್ಮ ತಮ್ಮ ತಂಗಿಯರಿಗೆ ಪಾಠ ಹೇಳುವವರು ತಯಾರಾಗುವುದು ಅಲ್ಲಿಯೇ!

ನಾನು ನವಲಗುಂದ ತಾಲೂಕಿನ ತಿರ್ಲಾಪುರದವ. ಓದಿದ್ದು ಪಿಯುಸಿ, ನಡೆಸುವುದು ಪ್ರಿಂಟಿಂಗ್ ಪ್ರೆಸ್. ಥೀಸಿಸ್ ಬೈಂಡಿಂಗಿಗೆ ಬರುವ ನಮ್ಮ ಕಡೆಯ ಹುಡುಗರನ್ನು ಬಹಳ ವರ್ಷದಿಂದ ನೋಡುತ್ತಿದ್ದೇನೆ. ಮೊದಲ ಪುಟದಲ್ಲೇ ಗೈಡ್‌ಗೆ ಮಾರುದ್ದದ ಕೃತಜ್ಞತೆ! ಅವರು ಕಲಿಸಿದ್ದೇನು ಎಂದು ಕೇಳಿದರೆ ತಲೆ ತಗ್ಗಿಸುತ್ತಾರೆ. ಒಬ್ಬ ಬಾಯಿಬಿಟ್ಟ: "ಅವರ ಪ್ರಶ್ನೆಪತ್ರಿಕೆ ಟೈಪ್ ಮಾಡೇನ್ರಿ, ಬ್ಯಾಂಕಿಗೆ ಅಡ್ಡಾಡೇನ್ರಿ. ಡೌಟ್ ಇಂಗ್ಲಿಷಿನ್ಯಾಗ ಕೇಳಬೇಕಿತ್ತು, ಅದಕ್ಕ ಕೇಳಲೇ ಇಲ್ಲ." ಐದು ವರ್ಷ ಒಂದು ಪ್ರಶ್ನೆಯನ್ನೂ ಕೇಳದವನು ಸಂಶೋಧಕನಾಗುವುದು ಹೇಗೆ?

ಗೈಡ್ ಹೇಗಿರಬೇಕು? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯತ್ತ ನೋಡಿ. ಕನ್ನಡದಲ್ಲಿ ವಿಜ್ಞಾನ ಬರೆದ ಆರ್. ಎಲ್. ನರಸಿಂಹಯ್ಯನವರ ಮಗ ರೊದ್ದಂ ನರಸಿಂಹ 1953ರಲ್ಲಿ ಅಲ್ಲಿಗೆ ಸೇರಿದರು. ಸತೀಶ್ ಧವನ್ ಗುರು. ನಯವಾದ ಗಾಳಿಯ ಹರಿವು ಹೇಗೆ ಕದಡುತ್ತದೆ ಎಂಬ ಅವರ ಸಂಶೋಧನೆ 1958ರಲ್ಲಿ ಹೆಸರಾಂತ ವಿದೇಶಿ ಪತ್ರಿಕೆಯಲ್ಲಿ ಅಚ್ಚಾಯಿತು, ಗುರು ಶಿಷ್ಯ ಇಬ್ಬರ ಹೆಸರಿನಲ್ಲೂ! ಧವನ್‌ಗೆ ಅಮೆರಿಕದಲ್ಲಿ ಗುರುವಾಗಿದ್ದ ಲೀಪ್‌ಮನ್ ಅವರ ಬಳಿಯೇ ನರಸಿಂಹ 1961ರಲ್ಲಿ ಪಿಎಚ್‌ಡಿ ಮುಗಿಸಿದರು. ಆಮೇಲೆ ಬೆಂಗಳೂರಿಗೆ ಮರಳಿ ತಾವೇ ಮೇಷ್ಟರಾದರು. ಆ ಶಿಷ್ಯನಿಂದ ಬ್ಯಾಂಕಿನ ಚಲನ್ ತುಂಬಿಸಿದ್ದರೆ ಇದೆಲ್ಲ ಆಗುತ್ತಿತ್ತೇ?

ಯುಜಿಸಿಯ 2022ರ ನಿಯಮ ಏನು ಹೇಳುತ್ತದೆ? ಪಿಎಚ್‌ಡಿ ವಿದ್ಯಾರ್ಥಿಗೆ ಪಾಠ ಮಾಡುವ, ಬರೆಯುವ ತರಬೇತಿ ಕೊಡಬೇಕು. ವಾರಕ್ಕೆ 4ರಿಂದ 6 ಗಂಟೆ ಬೋಧನೆ, ಪ್ರಯೋಗಾಲಯದ ಕೆಲಸ ವಹಿಸಬಹುದು. ಪ್ರತಿ ಸೆಮಿಸ್ಟರ್ ಸಲಹಾ ಸಮಿತಿಯ ಮುಂದೆ ಆತ ನಿಂತು ತನ್ನ ಕೆಲಸ ವಿವರಿಸಬೇಕು. ಒಬ್ಬ ಪ್ರೊಫೆಸರ್‌ಗೆ ಎಂಟಕ್ಕಿಂತ ಹೆಚ್ಚು ವಿದ್ಯಾರ್ಥಿಗಳು ಕೂಡದು. ಗೈಡ್‌ನ ಮನೆಗೆಲಸದ ಮಾತು ಎಲ್ಲಿದೆ?

ಇಂಗ್ಲಿಷ್ ಬೇಡವೆಂದು ಹೇಳುತ್ತಿಲ್ಲ. ಪೇಪರ್ ಇಂಗ್ಲಿಷಿನಲ್ಲೇ ಬರೆಯಲಿ, ಆದರೆ ಪಕ್ಕದಲ್ಲಿ ಕೂತು ಬರೆಯಲು ಕಲಿಸಿ. ಪ್ರಯೋಗ ಯಾಕೆ ಕೆಟ್ಟಿತು ಎಂಬ ಚರ್ಚೆ ಕನ್ನಡದಲ್ಲಿ ನಡೆದರೆ ಯಾರ ಗಂಟು ಹೋಗುತ್ತದೆ? (ನನ್ನ ಆಫ್‌ಸೆಟ್ ಮಷಿನ್ ಜರ್ಮನಿಯದು. ಕೆಟ್ಟಾಗ ರಿಪೇರಿ ಮಾತು ಧಾರವಾಡದ ಕನ್ನಡದಲ್ಲೇ ನಡೆಯುತ್ತದೆ!) ಗೈಡ್‌ಗೆ ಕನ್ನಡ ಬಾರದಿದ್ದರೆ ಸಲಹಾ ಸಮಿತಿಯಲ್ಲಿ ಕನ್ನಡ ಬಲ್ಲವರೊಬ್ಬರನ್ನು ಹಾಕಿ.

ಗೆಳೆಯರೇ, ಈ ವಾರವೇ ಹತ್ತು ಜನ ಕೂಡಿ ನಿಮ್ಮ ಹತ್ತಿರದ ಸಂಶೋಧನಾ ಕೇಂದ್ರಕ್ಕೆ ಹೋಗಿ. ಈ ಸೆಮಿಸ್ಟರ್ ಯಾರು ಸಮಿತಿಯ ಮುಂದೆ ಮಾತಾಡಿದರು, ಯಾರಿಗೆ ಬೋಧನೆಯ ತರಬೇತಿ ಸಿಕ್ಕಿತು, ದಾಖಲೆ ತೋರಿಸಿ ಎನ್ನಿ. ಸರ್ಕಾರಿ ವಿಶ್ವವಿದ್ಯಾಲಯ ನುಣುಚಿಕೊಂಡರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಅರ್ಜಿಯ ನಮೂನೆ ನನ್ನ ಪ್ರೆಸ್ಸಿನಲ್ಲಿ ಪುಕ್ಕಟೆ ಅಚ್ಚು ಹಾಕಿಕೊಡುತ್ತೇನೆ.